ಇಪ್ಪತ್ನಾಲ್ಕು ತಾಸಿನ ಕ್ಯಾನು

ಬೆಳಗಿನ ಆರರ ಮೊದಲ ಮೂತ್ರ ಚೆಲ್ಲಿಬಿಡಬೇಕು,
ಅದು ನಿನ್ನೆಯದು, ನಮ್ಮ ಲೆಕ್ಕಕ್ಕಿಲ್ಲ.
ಅಲ್ಲಿಂದ ನಾಳೆ ಆರರ ತನಕ
ಒಂದು ಹನಿಯೂ ಹೊರಗೆ ಹೋಗದಂತೆ
ಈ ಹಳದಿ ಕ್ಯಾನಿಗೆ.

ಹೀಗೆ ಹೇಳಿಕೊಟ್ಟೆ,
ಬಾಗಲಕೋಟೆ ನವನಗರದ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಗುಳೇದಗುಡ್ಡದ ಮುರಿಗೆಪ್ಪನಿಗೆ.
ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನಲವತ್ತು ವರ್ಷ
ಖಣ ನೇಯ್ದವನು. ಸೆರೆ ಮುಟ್ಟಿದವನಲ್ಲ.
ಯಾವ ಕಾಲದ್ದೋ ಸೂಜಿ, ಯಾವ ಡಾಕ್ಟರೋ,
ಲಿವರು ಒಣ ಹಾಗಲಕಾಯಿಯಂತೆ ಗಂಟುಗಂಟು.

ಎಡಗೈಯೊಳಗೆ ಹನಿಹನಿಯಾಗಿ ಇಳಿಯುತ್ತಿತ್ತು ಲ್ಯೂಸಿನ್.
ಬಲಗೈಯಿಂದ ತಾಸಿಗೊಮ್ಮೆ ರಕ್ತ,
ನಡುನಡುವೆ ಚೀಲದೊಳಗೆ ಉಸಿರು.
“ಏನ್ರಿ ಇದು?”
ಪ್ರೋಟೀನಿನ ಒಂದು ಎಳೆ, ಗುರುತು ಹಾಕಿದ್ದು;
ನಿಮ್ಮ ಮೈ ದಿನಕ್ಕೆ ಎಷ್ಟು ಕಟ್ಟುತ್ತದೆ, ಎಷ್ಟು ಬಿಚ್ಚುತ್ತದೆ,
ಇದರ ಹಿಂದೆ ಹೋದರೆ ಸಿಗುತ್ತದೆ ಅಂದೆ.
ನಕ್ಕ.
“ಕಟ್ಟೂದು ಬಿಚ್ಚೂದು ಎರಡೂ ಒಂದ ಹೊತ್ತಿನ್ಯಾಗ?
ಅಂಥಾ ಮಗ್ಗಕ್ಕ ಕೂಲಿ ಯಾರ ಕೊಡತಾರ?”

ತೋಳಿನ ಸುತ್ತಳತೆ ಹತ್ತೊಂಬತ್ತು ಸೆಂಟಿಮೀಟರು.
ಹಿಡಿತದ ಯಂತ್ರ ಹಿಂಡಿದ, ಹಲ್ಲು ಕಚ್ಚಿ: ಹದಿನಾಲ್ಕು.
ತಕ್ಕಡಿ ಮಾತ್ರ ಐವತ್ತೆಂಟು ಅನ್ನುತ್ತಿತ್ತು,
ಹೊಟ್ಟೆಯ ನೀರನ್ನೂ ಮನುಷ್ಯನ ಲೆಕ್ಕಕ್ಕೆ ಸೇರಿಸಿ.

“ಬ್ಯಾಳಿ ಬಾಯಾಗ ಹಾಕಿ ನಾಕ ವರ್ಷ ಆತ್ರಿ,” ಅಂದ.
“ಹೇಳಿದ್ದು ಒಂದ ದಿನಾ ತಪ್ಪಿಸಿಲ್ಲ.”
ಒಳಕಿಸೆಯಿಂದ ತೆಗೆದ,
ಸೀರೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಚೀಟಿ:
ತೊಗರಿ, ಹೆಸರು, ಮಡಿಕಿ, ಶೇಂಗಾ ಬಂದ್.
ಹಾಲು ಅರ್ಧ ಕಪ್ಪು.
ಬಂದ್ ಎಂಬುದರ ಕೆಳಗೆ ಎರಡು ಗೆರೆ.

ಆ ಗೆರೆ ನನ್ನವು.
ಆ ದುಂಡು ಅಕ್ಷರ ನನ್ನವು.

ಪ್ರೋಟೀನು ಅಮೋನಿಯಾ ಆಗಿ ತಲೆಗೆ ಏರುತ್ತದೆ,
ಮನುಷ್ಯ ಹೆಂಡತಿಯ ಹೆಸರು ಮರೆಯುತ್ತಾನೆ
ಎಂದು ಕಾಲೇಜಿನಲ್ಲಿ ಬರೆಸಿದ್ದರು.
ಅದಾದ ಮೇಲೆ ಬಂದದ್ದನ್ನು
ನಾನು ಓದಿರಲಿಲ್ಲ, ಅಷ್ಟೇ.
ಇವನಿಗೆ ಒಂದು ರಾತ್ರಿಯ ನಿದ್ದೆ ಎಂದರೆ
ಮೂರು ದಿನದ ಉಪವಾಸ.
ಕೂಡಿಟ್ಟ ಕಟ್ಟಿಗೆ ಇಲ್ಲದ ಮನೆಯಲ್ಲಿ
ನಸುಕಿಗೆ ಜಂತಿ ಮುರಿದು ಒಲೆಗೆ ಹಾಕುತ್ತಾರೆ,
ಆಮೇಲೆ ತೊಲೆ.

ಹೇಳಬೇಕೆಂದೆ. ಉಸಿರಿನ ಚೀಲದ ಹೊತ್ತಾಯಿತು.

ಮರುದಿನ ಐದೂವರೆಗೆ ಬಂದೆ.
ಕ್ಯಾನು ಕಿಟಕಿಯಲ್ಲಿ ಬೋರಲಾಗಿ
ಫಳಫಳ ಹೊಳೆಯುತ್ತಿತ್ತು.
“ತಿಕ್ಕಿ ತೊಳದ ಇಟ್ಟೀನ್ರಿ ಅಕ್ಕಾರ,”
ಅವನ ಹೆಂಡತಿ ಶಂಕ್ರವ್ವ, ಸೆರಗಿಗೆ ಕೈ ಒರೆಸುತ್ತ,
“ನೀವು ಹೆಣ್ಣಮಕ್ಕಳು, ಹಂಗ ಹೊತಗೊಂಡ ಹೋಗೂದು
ನೋಡಾಕ ಆಗಲಿಲ್ಲ.”

ಒಂದು ಹಗಲು, ಒಂದು ರಾತ್ರಿ, ಅವನು ಕಳೆದುಕೊಂಡದ್ದೆಲ್ಲ
ಬಚ್ಚಲಿನ ಪೈಪಿನಲ್ಲಿ ಇಳಿದು
ಎಲ್ಲಿಗೋ ಹೋಗಿತ್ತು.

“ಎಳಿ ಹರೀತಂತ ಯಾರರ ಹಾಸ ಒಗೀತಾರೇನ್ರಿ?
ಗಂಟ ಹಾಕಿ ಮುಂದ ನಡೀರಿ,” ಅಂದ ಮುರಿಗೆಪ್ಪ.
ಇಲ್ಲಿ ಗಂಟು ನಡೆಯುವುದಿಲ್ಲ, ಮೊದಲಿಂದ ಮಾಡಬೇಕು ಅಂದೆ.
“ಮಾಡೋಣ ಬಿಡ್ರಿ. ಉಣ್ಣಾಕ ಕೊಡತೀರಲ್ಲ.”

ರಾತ್ರಿ ಹತ್ತು.
ಜೋಳದ ರೊಟ್ಟಿ ಒಂದು, ಗಟ್ಟಿ ಹೆಸರಬ್ಯಾಳಿ,
ಎರಡು ಚಮಚೆ ಶೇಂಗಾ ಹಿಂಡಿ.
ಬಟ್ಟಲ ತೂಕ ಕಳೆದು ಬರೆದುಕೊಂಡೆ.
“ಇದನ್ನೂ ಒಂದ ಚೀಟ್ಯಾಗ ಬರದ ಕೊಡ್ರಿ, ಮನ್ಯಾಗ ಇಟಗೋತೀನಿ,”
ತುತ್ತು ಎತ್ತುವ ಮುಂಚೆ ಅಂದ,
“ನಿಮ್ಮ ಅಕ್ಷರಾ ಭಾಳ ದುಂಡಗ ಅದಾವು.”

ನನ್ನ ಪಟ್ಟಿಯನ್ನು ನೋಡಿ ಅಂದನೋ,
ಆ ಹಳೆಯ ಚೀಟಿಯನ್ನು ನೆನೆದು ಅಂದನೋ.
ಕೇಳಲಿಲ್ಲ.

ಬಟ್ಟಲಲ್ಲಿ ಉಳಿದರೆ ಅದನ್ನೂ ತೂಗಬೇಕು.
ತಕ್ಕಡಿಯನ್ನು ಸೊನ್ನೆಗೆ ತಂದು ಕಾದೆ.
ಉಳಿಸಲಿಲ್ಲ.
ಬೆರಳಿನಿಂದ ಸುತ್ತಲೂ ಸವರಿ
ಬಟ್ಟಲು ಕೈಗೆ ಕೊಟ್ಟ.